ಗಾಡಿಗೆ ಒಂದು ಚೊಂಬು ನೀರು

ಮಸ್ಕತ್ತಿನಲ್ಲಿರುವ ನಮ್ಮ ಕರಾವಳಿಯವರು ಚಳಿಯನ್ನು ಹಬ್ಬದ ಹಾಗೆ ಆಚರಿಸುತ್ತಾರೆ. ಡಿಸೆಂಬರಿನ ಒಂದು ಬೆಳಿಗ್ಗೆ ಹದಿನೆಂಟು ಡಿಗ್ರಿಗೆ ಇಳಿದರೆ ಸಾಕು, ಅಲ್ ಗುಬ್ರಾದ ಫ್ಲ್ಯಾಟುಗಳಿಂದ ಸ್ವೆಟರು, ಶಾಲು, ಕಿವಿ ಮುಚ್ಚುವ ಟೊಪ್ಪಿಗಳು ಹೊರಗೆ ಬರುತ್ತವೆ. ಬಾಗಿಲಿನಿಂದ ಲಿಫ್ಟಿಗೆ ಹತ್ತು ಹೆಜ್ಜೆ, ಲಿಫ್ಟಿನಿಂದ ಕಾರಿಗೆ ಇಪ್ಪತ್ತು ಹೆಜ್ಜೆ. ಕಾರಿನೊಳಗೆ ಕೂತದ್ದೇ ಸೆಖೆಯೆಂದು ಎ.ಸಿ. ಹಾಕುತ್ತಾರೆ. ಆ ಮೂವತ್ತು ಹೆಜ್ಜೆಯ ಚಳಿಯನ್ನು ವಾಟ್ಸಾಪಿನಲ್ಲಿ ಊರಿಗೆ ವರದಿ ಮಾಡುವಾಗ ಮಾತ್ರ ಅವರ ದನಿ ನಡುಗುತ್ತಿರುತ್ತದೆ.

ನಾನು ಸ್ಕೂಟರಿನವನು. ಅಲ್ ಗುಬ್ರಾದ ಮನೆಯಿಂದ ಅಲ್ ಖುವೈರ್‌ನ ಕಚೇರಿಗೆ ಒಂಬತ್ತು ವರ್ಷ ಸ್ಕೂಟರಿನಲ್ಲೇ ಹೋಗಿ ಬಂದವನು. ಆ ಊರಿನಲ್ಲಿ ಎರಡು ಚಕ್ರದ ಮೇಲೆ ಕೂತವನನ್ನು ಕಂಡರೆ ಊಟ ತಂದುಕೊಡುವವನು ಎಂದೇ ತಿಳಿಯುತ್ತಾರೆ. ನಮ್ಮ ಕರಾವಳಿಯವರ ಸಂಘದ ವಾರ್ಷಿಕೋತ್ಸವಕ್ಕೆ ಹೋದಾಗ, ಸಭಾಂಗಣದ ಬಾಗಿಲಿನಲ್ಲಿ ರೇಷ್ಮೆ ಸೀರೆ ಉಟ್ಟಿದ್ದ ಒಬ್ಬ ಹೆಂಗಸು, ಬಿರಿಯಾನಿಯನ್ನು ಹಿಂದಿನ ಬಾಗಿಲಿನಿಂದ ತರಲು ನನಗೆ ಹಿಂದಿಯಲ್ಲಿ ಹೇಳಿದ್ದರು. ಅಂದು ನಾನು ಆ ಸಂಘದ ಜೊತೆ ಕಾರ್ಯದರ್ಶಿ. ಮಗಳು ಶಾಲೆಯ ಗೇಟಿನಿಂದ ಎರಡು ಕಟ್ಟಡ ಈಚೆಗೇ ಇಳಿಸಲು ಹೇಳುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ನನಗೆ ಯಾರ ಮೇಲೂ ಬೇಸರವಿರಲಿಲ್ಲ, ತಾತ್ಸಾರವಿತ್ತು. ಕಂತಿನ ಕಾರಿನಲ್ಲಿ ಹೆದ್ದಾರಿಯ ಮೇಲೆ ಮುಕ್ಕಾಲು ಗಂಟೆ ನಿಲ್ಲುವವರ ಪಕ್ಕದಿಂದ ನಾನು ಸೊಯ್ಯನೆ ದಾಟಿ ಹೋಗುವಾಗ ಅವರ ಮುಖಗಳನ್ನು ಒಮ್ಮೆ ನೋಡದೆ ಹೋದವನಲ್ಲ.

ಕೆಲಸ ನನ್ನದು ಲಾಂಡ್ರಿ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಗುತ್ತಿಗೆ ಕಂಪನಿಯಲ್ಲಿ ಸೂಪರ್‌ವೈಸರ್. ಎರಡು ವರ್ಷದ ಹಿಂದೆ ಕಂಪನಿಗೆ ಜಬಲ್ ಅಖ್ದರ್ ಬೆಟ್ಟದ ಮೇಲಿನ ಒಂದು ದೊಡ್ಡ ಹೋಟೆಲಿನ ಗುತ್ತಿಗೆ ಸಿಕ್ಕಿತು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿನ ಮೇಲೆ, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಜಾಗ. ಹೋಗಲು ಯಾರಿಗೂ ಇಷ್ಟವಿರಲಿಲ್ಲ. ಒಬ್ಬನಿಗೆ ಸೈನಸ್, ಇನ್ನೊಬ್ಬನಿಗೆ ಮಂಡಿನೋವು, ಮತ್ತೊಬ್ಬನ ಹೆಂಡತಿಗೆ ಏಕಾಂತದ ಭಯ. ನಾನು ಹೋಗುತ್ತೇನೆ ಎಂದೆ. ಅಷ್ಟೂ ಮಂದಿಯ ಎದುರು ಹಾಗೆ ಹೇಳುವ ಸುಖವನ್ನು ಬಿಡಲು ನನಗೆ ಮನಸ್ಸಾಗಲಿಲ್ಲ, ಅಷ್ಟೇ. ಹೆಂಡತಿ ಮಗಳು ಅಲ್ ಗುಬ್ರಾದಲ್ಲೇ ಉಳಿದರು. ಬೆಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಫೋರ್ ವೀಲ್ ಇಲ್ಲದ ಕಾರನ್ನು ಮೇಲೆ ಬಿಡುವುದಿಲ್ಲ. ನನ್ನ ಸ್ಕೂಟರು ಹೋಟೆಲಿನ ತರಕಾರಿ ಪಿಕಪ್ಪಿನಲ್ಲಿ, ಈರುಳ್ಳಿ ಮೂಟೆಗಳ ನಡುವೆ ನಿಂತುಕೊಂಡು ಬೆಟ್ಟ ಹತ್ತಿತು.

ನಮ್ಮ ವಸತಿ ಹೋಟೆಲಿನಿಂದ ಆರು ಕಿಲೋಮೀಟರ್ ದೂರದ ಒಂದು ಹಳ್ಳಿಯ ಅಂಚಿನಲ್ಲಿತ್ತು. ಅಲ್ಲಿಂದ ಕಂಪನಿಯ ಬಸ್ಸು ಬೆಳಿಗ್ಗೆ ಐದೂವರೆಗೆ ಹೊರಡುತ್ತಿತ್ತು. ಮೊದಲ ವಾರ ಅದರಲ್ಲಿ ಹೋದೆ. ಕಿಟಕಿಯೆಲ್ಲ ಮುಚ್ಚಿ, ಹೀಟರು ಹಾಕಿ, ಇಪ್ಪತ್ತೆಂಟು ಮಂದಿ ಬಾಯಿ ತೆರೆದು ನಿದ್ದೆ ಮಾಡುವ ಆ ಡಬ್ಬದೊಳಗೆ ಸಾಕ್ಸಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ, ದಿನವೆಲ್ಲ ಊರವರ ಕೊಳೆ ಬಟ್ಟೆ ಮುಟ್ಟುವ ನನಗೇ ಅದು ತಡೆಯಲಿಲ್ಲ. ಎಂಟನೆಯ ದಿನ ಸ್ಕೂಟರು ತೆಗೆದೆ.

ನನ್ನ ಹಿಂದೆ ಕೂತು ಬರುತ್ತಿದ್ದವರು ಕಾಕ. ಉಳ್ಳಾಲದ ಕಡೆಯ ಬ್ಯಾರಿ, ಅರವತ್ತರ ಹತ್ತಿರದವರು, ನಮ್ಮ ಕಂಪನಿಯೇ ಗುತ್ತಿಗೆಗೆ ನಡೆಸುತ್ತಿದ್ದ ಹೋಟೆಲಿನ ಸಿಬ್ಬಂದಿ ಮೆಸ್ಸಿನ ಅಡುಗೆಯವರು. ಬೆಟ್ಟದಲ್ಲಿ ನಮ್ಮ ಕಡೆಯವರೆಂದರೆ ನಾವಿಬ್ಬರೇ. ಅಕ್ಕಪಕ್ಕದ ಕೋಣೆ, ನಮ್ಮ ನಡುವೆ ತುಳು. ಕಾಕ ಕಲ್ಲಿನ ಮೇಲೆ ಪರೋಟ ಹೊಡೆಯುವುದನ್ನು ನೋಡಬೇಕು. ಹಿಟ್ಟನ್ನು ಎರಡು ಸಲ ಬೀಸಿದರೆ ಪಂಚೆಯಷ್ಟು ತೆಳ್ಳಗೆ ಹರಡುತ್ತಿತ್ತು. ಬೆಳಗಿನ ಹೊತ್ತು ಇನ್ನೂರು ಮಂದಿಗೆ ಆಗುವಷ್ಟು ಪರೋಟ ಆ ಎರಡು ಕೈಯಿಂದ ಆಗಬೇಕಿತ್ತು. ಮಾರ್ಚಿನಲ್ಲಿ ಅವರ ಕರಾರು ಮುಗಿಯುವುದಿತ್ತು. ಇನ್ನೊಂದು ಸಲ ಎರಡು ವರ್ಷಕ್ಕೆ ನವೀಕರಿಸಬಹುದು ಎಂದು ಮೆಸ್ಸಿನ ಮ್ಯಾನೇಜರು ಹೇಳಿದ್ದ. ಅದಾದ ಮೇಲೆ ಊರಿಗೆ ಹೋಗಿ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಪರೋಟದ ಕಲ್ಲು ಹಾಕುವುದು ಅವರ ಯೋಚನೆ. ಮೂವತ್ತು ವರ್ಷ ಊರವರಿಗೆ ಬಡಿಸಿದವನು ಮಗನ ಮನೆಯ ಮೂಲೆಯಲ್ಲಿ ಕೂತು, ಸೊಸೆ ಬಡಿಸಿದ್ದನ್ನು ಉಣ್ಣುವವನಾಗಬಾರದು ಎನ್ನುತ್ತಿದ್ದರು.

ಬಸ್ಸು ಬರುವ ಹೊತ್ತಿಗೇ ಅವರ ಬೆಳಗಿನ ನಮಾಜು. ಅದಕ್ಕೇ ಅವರಿಗೂ ಆ ಬಸ್ಸಿನ ಮೇಲೆ ಸಿಟ್ಟು. ಆರು ಗಂಟೆಗೆ ಹೊರಡುವ ನನ್ನ ಸ್ಕೂಟರಿನಲ್ಲಿ ಅವರಿಗೆ ನಮಾಜೂ ಆಗುತ್ತಿತ್ತು, ಕೆಲಸಕ್ಕೂ ತಡವಾಗುತ್ತಿರಲಿಲ್ಲ. ಕಿವಿಗೆ ಶಾಲು ಸುತ್ತಿ, ಅದರ ಮೇಲೆ ಹೆಲ್ಮೆಟ್ಟು ಒತ್ತಿ, ಚಹಾದ ಫ್ಲಾಸ್ಕನ್ನು ಒಂದು ಕಂಕುಳಲ್ಲಿ ಅವುಚಿ, ಬಿಸ್ಮಿಲ್ಲಾ ಎಂದು ಹತ್ತಿ ಕೂರುತ್ತಿದ್ದರು.

ಇನ್ನು ನನ್ನ ಪದ್ಧತಿಯ ಬಗ್ಗೆ ಹೇಳಬೇಕು. ಅಪ್ಪ ಉಡುಪಿ–ಕಾರ್ಕಳ ರೂಟಿನಲ್ಲಿ ಬಸ್ಸು ಬಿಡುತ್ತಿದ್ದವರು. ಬೆಳಿಗ್ಗೆ ಎದ್ದವರೇ ಬಸ್ಸಿನ ಎದುರಿನ ಚಕ್ರಗಳಿಗೆ ನೀರು ಹಾಕಿ, ಗಾಜು ತೊಳೆದು, ಸ್ಟಿಯರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಆಮೇಲೆಯೇ ಚಹಾ. ಗಾಡಿಗೆ ನೀರು ತೋರಿಸದೆ ಹೊರಡಬಾರದು ಎನ್ನುವುದು ಅವರ ಮಾತು. ನಮ್ಮ ಕಡೆಯ ರಿಕ್ಷಾದವರು, ಟೆಂಪೋದವರು ಇಂದಿಗೂ ಅದನ್ನೇ ಮಾಡುತ್ತಾರೆ. ಸಂಘದ ಮಂದಿ ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದನ್ನು ನೋಡಿ ನಾನು ಎಷ್ಟೋ ಸಲ ನಕ್ಕಿದ್ದೇನೆ. ಆದರೆ ದಿನಾ ಬೆಳಿಗ್ಗೆ ಸ್ಕೂಟರಿನ ಮುಂದಿನ ಚಕ್ರಕ್ಕೆ ಒಂದು ಚೊಂಬು ನೀರು ಹಾಕದೆ ಹೊರಟವನಲ್ಲ. ಅವರದ್ದು ಮೂಢನಂಬಿಕೆ, ನನ್ನದು ಶುಚಿತ್ವ ಎಂದುಕೊಂಡಿದ್ದೆ. ತನ್ನ ಬೆನ್ನು ತನಗೆ ಕಾಣುವುದಿಲ್ಲ.

ಬೆಟ್ಟದಲ್ಲಿಯೂ ಅದೇ ಕ್ರಮ. ಐದೂಕಾಲಿಗೆ ಎದ್ದು ಮೊದಲು ಹೊರಗೆ ಹೋಗಿ ಗಾಡಿಗೆ ನೀರು, ಆಮೇಲೆ ಒಳಗೆ ಬಂದು ಸ್ನಾನ, ಚಹಾ, ಬಟ್ಟೆ. ಅಷ್ಟರಲ್ಲಿ ಕಾಕನ ನಮಾಜು ಮುಗಿಯುತ್ತಿತ್ತು. ಸ್ಕೂಟರು ನಿಲ್ಲಿಸುತ್ತಿದ್ದದ್ದು ನಮ್ಮ ಕೋಣೆಗಳ ಎದುರಿನ ಜಗಲಿಯ ಪಕ್ಕ. ಅಲ್ಲಿಂದ ಗೇಟಿನವರೆಗೆ ಸಿಮೆಂಟಿನ ಸಣ್ಣ ಇಳಿಜಾರು, ಗೇಟು ದಾಟಿದ ಕೂಡಲೇ ಎಡಕ್ಕೆ ತಿರುವು. ಆಚೆ ಮನೆಯ ಮುದುಕರು, ನಮ್ಮ ವಸತಿಯ ಮಾಲೀಕನ ತಂದೆ, ಮಸೀದಿಗೆ ಹೊರಟವರು ಆಗಾಗ ಗೇಟಿನ ಹತ್ತಿರ ನಿಂತು ನಾನು ನೀರು ಹಾಕುವುದನ್ನು ನೋಡುತ್ತಿದ್ದರು. ಉದ್ದ ಬಿಳಿ ಅಂಗಿಯ ಮೇಲೆ ಉಣ್ಣೆಯ ಕೋಟು, ತಲೆಗೆ ಕಾಶ್ಮೀರಿ ಶಾಲು. ಒಮ್ಮೆ ಕೋಲಿನಿಂದ ನೆಲವನ್ನು ಕುಟ್ಟಿ ತೋರಿಸಿ ತಲೆ ಅಲ್ಲಾಡಿಸಿದರು. ಕಾಲುವೆಯ ನೀರನ್ನು ಹೊತ್ತು ಲೆಕ್ಕ ಹಾಕಿ ದಾಳಿಂಬೆ ಗಿಡಕ್ಕೆ ಬಿಡುವ ಜನ, ಒಂದು ಚೊಂಬು ನೀರಿಗೂ ಹೊಟ್ಟೆ ಉರಿಸಿಕೊಳ್ಳುತ್ತಾರೆ ಎಂದು ಕಾಕನಿಗೆ ಹೇಳಿ ನಕ್ಕೆ. ಕಾಕ ನಗಲಿಲ್ಲ. ಬೆಟ್ಟದವರಿಗೆ ಬೆಟ್ಟ ಗೊತ್ತಿರುತ್ತದೆ ಎಂದರು. ನಾನು ಕೇಳಿಸಿಕೊಳ್ಳಲಿಲ್ಲ.

ಚಳಿಯ ಮಾತು ಹೇಳುವುದಾದರೆ, ನಿಂತಲ್ಲಿ ಅದು ಚಳಿ, ಸ್ಕೂಟರಿನ ಮೇಲೆ ಅದು ಬೇರೆಯೇ. ಕಮರಿಯ ಕಡೆಯಿಂದ ಬೀಸುವ ಗಾಳಿ ಅಂಗಿಯ ಗುಂಡಿಗಳ ಸಂದಿಯನ್ನು ಹುಡುಕಿಕೊಂಡು ಬರುತ್ತದೆ. ನಾನು ಬನಿಯನ್ನಿನ ಮೇಲೆ ಎದೆಗೆ ದಿನಪತ್ರಿಕೆ ಮಡಚಿ ಇಟ್ಟು ಅದರ ಮೇಲೆ ಸ್ವೆಟರು ಹಾಕುತ್ತಿದ್ದೆ. ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಚೀಲ, ಉಣ್ಣೆಯ ಕೈಗವಸಿನ ಮೇಲೆ ಲಾಂಡ್ರಿಯ ರಬ್ಬರ್ ಕೈಗವಸು. ಇಷ್ಟಾದರೂ ನಾಲ್ಕನೇ ಕಿಲೋಮೀಟರಿಗೆ ಬೆರಳುಗಳು ನನ್ನವಲ್ಲ. ಮೂಗಿನಿಂದ ಇಳಿದದ್ದು ಮೀಸೆಯಲ್ಲೇ ನಿಲ್ಲುತ್ತಿತ್ತು. ಹೋಟೆಲು ತಲುಪಿ ಬಿಸಿ ಹಬೆಯ ಲಾಂಡ್ರಿಯೊಳಗೆ ಹೋದರೆ, ಬೆರಳಿಗೆ ಜೀವ ಬರುವ ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬಸ್ಸಿನಲ್ಲಿ ಬೆಚ್ಚಗೆ ಬಂದವರು ನನ್ನನ್ನು ನೋಡಿ ಹುಚ್ಚ ಎನ್ನುತ್ತಿದ್ದರು. ಅವರು ಹಾಗೆ ಅನ್ನಲಿ ಎಂದೇ ನಾನು ಬರುತ್ತಿದ್ದೆ ಎಂದು ಈಗ ಅನಿಸುತ್ತದೆ.

ಜನವರಿಯಲ್ಲಿ ಒಂದು ಗುರುವಾರ ರಾತ್ರಿ ಹಿಮ ಬಿತ್ತು. ಅಂಥ ದೊಡ್ಡ ಹಿಮವೇನಲ್ಲ. ಬೆಳಿಗ್ಗೆ ನೋಡಿದರೆ ಕಲ್ಲುಗಳ ಮೇಲೆ, ದಾಳಿಂಬೆಯ ಬೋಳು ಕೊಂಬೆಗಳ ಮೇಲೆ ಯಾರೋ ಅಕ್ಕಿಹಿಟ್ಟು ಉದುರಿಸಿ ಹೋದಷ್ಟು. ನಮ್ಮ ಊರಿನಲ್ಲಿ ಐಸ್ ಎಂದರೆ ಬಂಗುಡೆಯ ಪೆಟ್ಟಿಗೆಗೆ ಹಾಕುವುದು. ಅದು ಆಕಾಶದಿಂದ, ಮೀನಿಲ್ಲದೆ ಬರುವುದನ್ನು ನಾವಿಬ್ಬರೂ ನೋಡಿದ್ದು ಅದೇ ಮೊದಲು. ಕಾಕ ಬಸ್ಸಿನಲ್ಲಿ ಹೋಗೋಣ ಎಂದರು. ನಾನು ಒಪ್ಪಲಿಲ್ಲ. ಎರಡೂ ಕಾಲು ಕೆಳಗಿಟ್ಟುಕೊಂಡು, ನಡೆದು ಹೋಗುವವರ ವೇಗದಲ್ಲಿ, ಆರು ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಮುಗಿಸಿದೆ. ಕಾಕ ದಾರಿಯುದ್ದಕ್ಕೂ ನನ್ನ ಜಾಕೆಟ್ಟಿನ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ಬೀಳಲಿಲ್ಲ. ಆ ದಿನದಿಂದ ನನ್ನ ತಲೆ ಇನ್ನೊಂದು ಸುತ್ತು ದೊಡ್ಡದಾಯಿತು.

ಮಧ್ಯಾಹ್ನದೊಳಗೆ ಮಸ್ಕತ್ತಿನಿಂದ ನಮ್ಮವರ ದಂಡು ಬಂತು. ಬಾಡಿಗೆಯ ಫೋರ್ ವೀಲುಗಳು, ಒಂದೊಂದರಲ್ಲಿ ಏಳೇಳು ಮಂದಿ. ಹಿಮ ಆಗಲೇ ಕರಗಿ ಕೆಸರಾಗಿತ್ತು. ಬಂಡೆಯ ನೆರಳಿನಲ್ಲಿ ಉಳಿದಿದ್ದ ಒಂದು ಬುಟ್ಟಿಯಷ್ಟನ್ನು ಗೋರಿ ತಂದು, ಕಾರಿನ ಬಾನೆಟ್ಟಿನ ಮೇಲೆ ಮುಷ್ಟಿಗಾತ್ರದ ಬೊಂಬೆ ಮಾಡಿ, ಅದಕ್ಕೆ ಗೋಡಂಬಿಯ ಕಣ್ಣಿಟ್ಟು, ಸರದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅದರಲ್ಲಿ ನಮ್ಮ ಸಂಘದ ಅಧ್ಯಕ್ಷರೂ ಇದ್ದರು. ಹೆಂಡತಿಯ ಶಾಲು ಹೊದ್ದು, ಮಂಗನ ಟೊಪ್ಪಿ ಹಾಕಿ, ಇಷ್ಟು ಚಳಿಯಲ್ಲಿ ಸ್ಕೂಟರಿನಲ್ಲಿ ಹೇಗೆ ಓಡಾಡುತ್ತೀರಿ ಎಂದು ನನ್ನನ್ನು ಕೇಳಿದರು. ಎರಡು ಚಕ್ರ, ಒಂದು ಬೆನ್ನೆಲುಬು ಇದ್ದರೆ ಸಾಕು ಎಂದೆ. ಅವರು ಕಾರಿನ ಕಿಟಕಿ ಏರಿಸಿದರು. ಆ ಮಾತನ್ನು ನಾನು ಮೂರು ದಿನ ನನ್ನಷ್ಟಕ್ಕೇ ಹೇಳಿಕೊಂಡು ಸಂತೋಷಪಟ್ಟೆ.

ನಾಲ್ಕನೆಯ ದಿನ ಮೋಡ ಸರಿದು ಆಕಾಶ ಶುಭ್ರವಾಯಿತು. ಮೋಡವಿಲ್ಲದ ರಾತ್ರಿಯೇ ಬೆಟ್ಟದಲ್ಲಿ ಹೆಚ್ಚು ಚಳಿ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಸ್ಕೂಟರಿನ ಸೀಟಿನ ಮೇಲೆ ಬಿಳಿ ಪದರ, ಕೀಲಿ ಹಾಕುವ ತೂತು ಕೂಡ ಕಟ್ಟಿಹೋಗಿತ್ತು. ಒಂದು ಚೊಂಬಿನಲ್ಲಿ ಆಗುವ ಕೆಲಸವಲ್ಲ ಎಂದು ಗೀಸರಿನಿಂದ ಒಂದು ಬಕೆಟ್ ಬಿಸಿನೀರು ತಂದು ಸುರಿದೆ. ಹಬೆ ಎದ್ದಿತು, ಬಿಳಿ ಕರಗಿ ಇಳಿಯಿತು, ಕೀಲಿ ತಿರುಗಿತು. ಉಳಿದ ಮಂದಿಗೆ ಇಷ್ಟು ಬುದ್ಧಿ ಹೊಳೆಯಲಿಕ್ಕಿಲ್ಲ ಎಂದುಕೊಂಡು ಒಳಗೆ ಹೋಗಿ ಚಹಾ ಕುಡಿದೆ.

ಆರು ಗಂಟೆಗೆ ಹೊರಟೆವು. ಇನ್ನೂ ಕತ್ತಲು. ಇಳಿಜಾರು ಇಳಿದು, ಗೇಟು ದಾಟಿ, ಎಡಕ್ಕೆ ತಿರುಗಿಸಿದ್ದಷ್ಟೇ ನೆನಪು. ಸ್ಕೂಟರು ಕಾಲ ಕೆಳಗಿನಿಂದ ಹೊರಟುಹೋಯಿತು. ನಾನು ಸ್ಕೂಟರಿನ ಮೇಲೆಯೇ ಬಿದ್ದೆ, ಮಂಡಿ ತರಚಿತು. ಕಾಕ ನೆಲಕ್ಕೆ ಬಲಗೈ ಊರಿ ಬಿದ್ದರು. ಫ್ಲಾಸ್ಕು ಒಡೆದು ಚಹಾ ಚೆಲ್ಲಿತ್ತು. ನಾನು ಎದ್ದು ಮೊದಲು ನೋಡಿದ್ದು ಸ್ಕೂಟರಿನ ಹೆಡ್‌ಲೈಟನ್ನು. ಕಾಕ ಕೂತಲ್ಲೇ ಕೂತು, ಎಡಗೈಯಿಂದ ನೆಲವನ್ನು ಮೆಲ್ಲಗೆ ಸವರಿ ನೋಡಿ, ಆ ಅಂಗೈಯನ್ನು ಅಂಗಿಗೆ ಒರೆಸಿಕೊಂಡರು. ಬಲ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು.

ಮುದುಕರ ಮಗನೇ ತನ್ನ ಜೀಪಿನಲ್ಲಿ ನಮ್ಮನ್ನು ಬೆಟ್ಟದ ಕೆಳಗಿನ ನಿಜ್ವಾ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಒಳಗೆ ಪ್ಲೇಟು ಹಾಕಬೇಕು, ಮುಂಚಿನ ಹಾಗೆ ಪೂರ್ತಿ ತಿರುಗಲಿಕ್ಕಿಲ್ಲ ಎಂದರು ಡಾಕ್ಟರು. ಅಡುಗೆ ಮಾಡಬಹುದಾ ಎಂದು ಕಾಕ ಕೇಳಿದರು. ಮಾಡಬಹುದು, ಪರೋಟ ಬೀಸಲು ಆಗಲಿಕ್ಕಿಲ್ಲ ಎಂದು ಉತ್ತರ ಬಂತು. ಅವರನ್ನು ಅಲ್ಲಿ ಬಿಟ್ಟು ಸಂಜೆ ನಾನು ವಾಪಸು ಬಂದಾಗ ಗೇಟಿನ ತಿರುವಿನಲ್ಲಿ ಒಣ ನೆಲ, ಮೇಲೆ ಬಿಸಿಲು. ನಾನು ಅಲ್ಲಿ ನಿಂತು ಸುತ್ತ ನೋಡಿದೆ. ಎಣ್ಣೆಯಿಲ್ಲ, ಮರಳಿಲ್ಲ, ಹೊಂಡವಿಲ್ಲ. ಹಿಮದ ಮೇಲೆಯೇ ಬೀಳದವನು ಒಣ ನೆಲದ ಮೇಲೆ ಬೀಳುವುದು ಹೇಗೆ ಎಂದು ತಲೆ ಕೆರೆದುಕೊಂಡೆ.

ಅದಕ್ಕೆ ಉತ್ತರವನ್ನು ಕಾಕನೇ ಕೊಟ್ಟರು. ಮುಂದಿನ ವಾರ ಮುಖ್ಯ ಕಚೇರಿಯಿಂದ ಎಚ್.ಆರ್. ಅಧಿಕಾರಿಯೊಬ್ಬ ವಿಚಾರಣೆಗೆ ಬಂದ. ಮೊಣಕಾಲಿನವರೆಗೆ ಕೋಟು, ಕುತ್ತಿಗೆಗೆ ಮಫ್ಲರು, ಲಾಂಡ್ರಿಯ ಇಸ್ತ್ರಿ ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ. ಸಿಬ್ಬಂದಿ ಕಂಪನಿಯ ಬಸ್ಸಿನಲ್ಲೇ ಬರಬೇಕೆಂಬ ನಿಯಮವಿತ್ತು. ಸ್ವಂತ ವಾಹನದಲ್ಲಿ ಇನ್ನೊಬ್ಬನನ್ನು ಕೂರಿಸಿಕೊಂಡು ಬೀಳಿಸಿದವನಿಗೆ ಖಲಾಸ್, ಊರಿಗೆ ಟಿಕೆಟ್ಟೇ ಗತಿ ಎಂದು ಹಿಂದಿಯಲ್ಲಿ ಹೇಳಿದ. ಮಗಳಿಗೆ ಮಾರ್ಚಿನಲ್ಲಿ ಹನ್ನೆರಡನೇ ತರಗತಿಯ ಪರೀಕ್ಷೆ. ಆಗ ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು ನಿಂತಿದ್ದ ಕಾಕ, ತಪ್ಪು ನನ್ನದು ಎಂದರು. ನಾನೇ ಒತ್ತಾಯ ಮಾಡಿ ಗಾಡಿ ಹತ್ತಿದೆ, ತಿರುವಿನಲ್ಲಿ ಫ್ಲಾಸ್ಕು ಜಾರಿತು, ಹಿಡಿಯಲು ಬಗ್ಗಿದೆ, ಗಾಡಿ ವಾಲಿತು, ಓಡಿಸಿದವನ ತಪ್ಪು ಏನೂ ಇಲ್ಲ ಎಂದು ವಿವರಿಸಿದರು. ಅಧಿಕಾರಿ ನನ್ನ ಕಡೆ ನೋಡಿದ. ನಾನು ಹೌದು ಎಂದು ತಲೆಯಾಡಿಸಿದೆ.

ಓದುವವರು ನಾನು ಆಗ ಸುಳ್ಳಿಗೆ ತಲೆಯಾಡಿಸಿದೆ ಎಂದುಕೊಳ್ಳಬಾರದು. ನಾನು ಅದನ್ನು ನಂಬಿದೆ. ಫ್ಲಾಸ್ಕು ಒಡೆದದ್ದು ನಿಜವಲ್ಲವೇ? ನನ್ನನ್ನು ಬಚಾವು ಮಾಡಿದರು ಎಂಬ ಕೃತಜ್ಞತೆಯೂ ಬರಲಿಲ್ಲ, ಸತ್ಯ ಹೊರಗೆ ಬಂತು ಎಂಬ ಸಮಾಧಾನ ಬಂತು. ಆಮೇಲೆ ಬಸ್ಸಿನಲ್ಲಿ, ಮೆಸ್ಸಿನಲ್ಲಿ, ಫೋನಿನಲ್ಲಿ ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಓಡಿಸಲು ಕಲಿತರೆ ಸಾಲದು ಮಾರಾಯ್ರೇ, ಹಿಂದೆ ಕೂರಲೂ ಕಲಿಯಬೇಕು. ಎರಡು ರಿಯಾಲಿನ ಫ್ಲಾಸ್ಕಿಗೆ ಬಗ್ಗಿ ಕೈ ಮುರಿದುಕೊಂಡರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಕಾಕ ಪಾಪ ಅದನ್ನೂ ಹೇಳಲಿಲ್ಲ, ಒಪ್ಪಿಕೊಂಡರು. ಹೀಗೆ ಮಾತಿಗೊಂದು ಗಾದೆ ಸೇರಿಸಿ ಹೇಳಿದೆ. ಕೇಳಿದವರು ನಕ್ಕರು. ಒಂದೆರಡು ಸಲ ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು.

ಕಾಕನ ಕರಾರು ನವೀಕರಣವಾಗಲಿಲ್ಲ. ಒಂದು ಕೈಯ ಅಡುಗೆಯವನನ್ನು ಬೆಟ್ಟದ ಮೇಲೆ ಇಟ್ಟುಕೊಂಡು ಏನು ಮಾಡುವುದು ಎಂದು ಮೆಸ್ಸಿನ ಮ್ಯಾನೇಜರು ಹೇಳಿದ್ದನ್ನು ಯಾರೋ ತಂದು ಹೇಳಿದರು. ಫೆಬ್ರವರಿಯ ಕೊನೆಗೆ ಟಿಕೆಟ್ಟು ಬಂತು. ಕಾಕ ಎಡಗೈಯಿಂದಲೇ ಪೆಟ್ಟಿಗೆ ತುಂಬುತ್ತಿದ್ದರು. ಅವರ ಪರೋಟದ ಕಲ್ಲಿನ ಮಾತನ್ನು ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ.

ಸ್ಕೂಟರು ಅಷ್ಟು ದಿನ ನಿಜ್ವಾದ ಗ್ಯಾರೇಜಿನಲ್ಲಿತ್ತು. ಕಾಕ ಹೊರಡಲು ಮೂರು ದಿನವಿರುವಾಗ ಅದು ತರಕಾರಿ ಪಿಕಪ್ಪಿನಲ್ಲಿ ವಾಪಸು ಬಂತು. ಆ ವಾರ ಮತ್ತೆ ಮೋಡವಿಲ್ಲದ ಚಳಿ. ಬೆಳಿಗ್ಗೆ ಎದ್ದೆ, ಸೀಟಿನ ಮೇಲೆ ಮತ್ತೆ ಬಿಳಿ. ಮತ್ತೆ ಗೀಸರಿನಿಂದ ಒಂದು ಬಕೆಟ್ ತಂದು ಸುರಿದೆ. ಒಳಗೆ ಹೋಗಿ ಚಹಾ ಕುಡಿದು, ಜಾಕೆಟ್ಟು ಹಾಕಿ, ಗೇಟು ತೆರೆದಿಟ್ಟು ಬರೋಣ ಎಂದು ಇಳಿಜಾರಿನಲ್ಲಿ ನಡೆದು ಹೋದೆ. ಗೇಟು ದೂಡಿ ಒಂದು ಹೆಜ್ಜೆ ಹೊರಗೆ ಇಟ್ಟೆ. ಎರಡೂ ಕಾಲು ಒಟ್ಟಿಗೆ ಮೇಲೆ ಹೋದವು. ಬೆನ್ನಿನ ಮೇಲೆ ಅಂಗಾತ ಬಿದ್ದವನಿಗೆ ಮೊದಲು ಕಂಡದ್ದು ನಕ್ಷತ್ರಗಳು.

ಬಿದ್ದಲ್ಲಿಂದ ಏಳಲು ಕೈ ಊರಿದೆ. ಅಂಗೈಯ ಕೆಳಗೆ ಗಾಜಿನಂಥ ನುಣುಪು. ಮೊಬೈಲಿನ ಬೆಳಕು ಹಾಕಿದೆ. ಸ್ಕೂಟರಿನ ಚಕ್ರದ ಬುಡದಿಂದ ಹೊರಟು, ಸಿಮೆಂಟಿನ ಇಳಿಜಾರಿನ ಒಂದು ಬದಿಯಲ್ಲಿ ಹರಿದು, ಗೇಟಿನ ಅಡಿಯಿಂದ ನುಸುಳಿ, ತಿರುವಿನಲ್ಲಿ ಹರಡಿ ನಿಂತಿತ್ತು ನಾನು ಸುರಿದ ಬಕೆಟ್ ನೀರು. ಅರ್ಧ ಗಂಟೆಯಲ್ಲಿ ಅದು ಐಸ್ ಆಗಿತ್ತು, ಬಂಗುಡೆ ಪೆಟ್ಟಿಗೆಯ ಐಸ್. ಕಾಕ ಅಂದು ಎಡಗೈಯಲ್ಲಿ ಸವರಿ ನೋಡಿದ್ದು ಏನನ್ನು ಎಂದು ಆಗ ಗೊತ್ತಾಯಿತು. ಮುದುಕರು ಕೋಲಿನಿಂದ ಕುಟ್ಟಿ ತೋರಿಸಿದ್ದು ಏನನ್ನು ಎಂದೂ ಗೊತ್ತಾಯಿತು. ನೆಲವನ್ನು ಡೊಂಕು ಮಾಡಿದವನೇ ನಾನು. ಬೇರೆಯವರ ತಟ್ಟೆಯ ನೊಣ ಹುಡುಕುತ್ತಾ ಊರು ತಿರುಗಿದವನ ತಟ್ಟೆಯಲ್ಲಿ ಹೆಗ್ಗಣವೇ ಬಿದ್ದಿತ್ತು.

ಬೆಳಗಾಗುವ ಮುಂಚೆ ಅದರ ಮೇಲೆ ಮರಳು ಹಾಕಿದೆ. ಯಾರೂ ನೋಡಲಿಲ್ಲ. ಪಕ್ಕದ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಕಾಕ ನಮಾಜಿಗೆ ಕೂತಿದ್ದರು. ಹೋಗಿ ಹೇಳಬಹುದಿತ್ತು. ಬಾಗಿಲವರೆಗೆ ಹೋದೆ ಕೂಡ. ನಮಾಜು ಮಾಡುವವರನ್ನು ತಡೆಯಬಾರದು ಎಂದು ನನಗೆ ನಾನೇ ಹೇಳಿಕೊಂಡು ಹಿಂದೆ ಬಂದೆ. ಮಾರನೆಯ ದಿನ ಅವರು ಪೆಟ್ಟಿಗೆ ಕಟ್ಟುತ್ತಿದ್ದರು, ಹಗ್ಗ ಬಿಗಿಯಲು ನಾನು ಸಹಾಯ ಮಾಡಿದೆ, ಹಗ್ಗದ ಬಗ್ಗೆಯೇ ಮಾತಾಡಿದೆ. ಅದರ ಮಾರನೆಯ ದಿನ ವಿಮಾನ.

ರಜೆ ಹಾಕಿ ಅವರ ಜೊತೆ ಮಸ್ಕತ್ತಿಗೆ ಹೊರಟೆ. ತರಕಾರಿ ಪಿಕಪ್ಪು, ಡ್ರೈವರಿನ ಪಕ್ಕ ನಾವಿಬ್ಬರು. ಬೆಟ್ಟ ಇಳಿಯುವಾಗ ಹೇಳೋಣ ಎಂದುಕೊಂಡೆ. ಬೆಟ್ಟ ಇಳಿದ ಮೇಲೆ ನಿಜ್ವಾ ದಾಟಲಿ ಎಂದುಕೊಂಡೆ. ಕೆಳಗೆ ಬಂದ ಹಾಗೆ ಸೆಖೆಯಾಗಿ ಕಾಕ ಶಾಲು ತೆಗೆದು ಮಡಚಿದರು, ಒಂದೇ ಕೈಯಲ್ಲಿ, ಮಂಡಿಯ ಮೇಲಿಟ್ಟು. ನಾನು ಮಸ್ಕತ್ತಿನ ಟ್ರಾಫಿಕ್ಕನ್ನು ಬೈದೆ, ಬೌಷರ್‌ನ ಮಾಲುಗಳನ್ನು ಬೈದೆ, ಕಾರಿನಲ್ಲಿ ಸ್ವೆಟರು ಹಾಕಿ ಎ.ಸಿ.ಯಲ್ಲಿ ಕೂತವರನ್ನು ಬೈದೆ. ಎರಡೂವರೆ ಗಂಟೆಯ ದಾರಿಯಲ್ಲಿ ಇಡೀ ದೇಶವನ್ನು ಹೀಯಾಳಿಸಲು ನನಗೆ ಮಾತುಗಳಿದ್ದವು. ಆ ಒಂದು ವಾಕ್ಯಕ್ಕೆ ಮಾತ್ರ ನಾಲಿಗೆ ಏಳಲಿಲ್ಲ. ಹೇಡಿ ಎಂದರೆ ಏನು ಎಂದು ನನಗೆ ಆ ದಿನ ತಿಳಿಯಿತು, ಮತ್ತು ಅವನು ಮಂಗನ ಟೊಪ್ಪಿ ಹಾಕಿಕೊಂಡಿರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಟ್ರಾಲಿಗೆ ಪೆಟ್ಟಿಗೆ ಏರಿಸಿದೆ. ಕಾಕ ಎಡಗೈ ಚಾಚಿ ನನ್ನ ಭುಜ ಹಿಡಿದರು.

"ನಿಮಗೆ ಒಂದು ಮಾತು ಹೇಳ್ಲಿಕ್ಕೆ ಉಂಟು ಮಾರಾಯ್ರೇ," ಎಂದರು. "ಬೆಳಿಗ್ಗೆ ಗಾಡಿಗೆ ನೀರು ಹಾಕುವುದುಂಟಲ್ಲ, ಅದನ್ನು ಬಿಡ್ಬೇಡಿ. ನಿಮ್ಮ ಅಪ್ಪ ಹಾಕ್ತಿದ್ದದ್ದು. ಆದ್ರೆ ಬಿಸಿಲು ಬಂದ ಮೇಲೆ ಹಾಕಿ."

ನಾನು ಅವರ ಮುಖ ನೋಡಿದೆ. ಅಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ; ನನ್ನ ಮುಖದಲ್ಲಿ ಸದಾ ಇರುವುದನ್ನೇ ನಾನು ಅಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮಗೆ ಅವತ್ತೇ ಗೊತ್ತಿತ್ತಾ ಎಂದು ಕೇಳಿದೆ.

"ಕೈ ಊರಿದ್ದು ನಾನಲ್ವಾ," ಎಂದರು. "ನಿಮ್ಮ ಮಗಳಿಗೆ ಪರೀಕ್ಷೆ ಇತ್ತು."

ಅಷ್ಟು ಹೇಳಿ ಟ್ರಾಲಿಯನ್ನು ಒಂದು ಕೈಯಲ್ಲಿ ದೂಡಿಕೊಂಡು ಒಳಗೆ ಹೋದರು. ಒಂದು ಕೈಯ ಟ್ರಾಲಿ ನೇರ ಹೋಗುವುದಿಲ್ಲ, ಎಡಕ್ಕೆ ಎಳೆಯುತ್ತಿತ್ತು. ಗಾಜಿನ ಬಾಗಿಲಿನಿಂದ ನೋಡುತ್ತಾ ನಿಂತೆ. ಎರಡು ಸಲ ನಿಂತು ಸರಿಮಾಡಿಕೊಂಡರು.

ಕಚೇರಿಗೆ ಫೋನು ಮಾಡಿ, ತಪ್ಪು ನನ್ನದು, ಅವರನ್ನು ವಾಪಸು ಕರೆಸಿ ಎಂದು ನಾನು ಹೇಳಲಿಲ್ಲ. ಹೇಳಿದೆ ಎಂದು ಇಲ್ಲಿ ಬರೆದರೆ ಚೆನ್ನಾಗಿರುತ್ತಿತ್ತು. ಮಗಳ ಪರೀಕ್ಷೆ ಮುಗಿಯಲಿ ಎಂದುಕೊಂಡೆ, ಮುಗಿಯಿತು. ಫಲಿತಾಂಶ ಬರಲಿ ಎಂದುಕೊಂಡೆ, ಬಂತು. ಹಿಂದೆ ಕೂರಲೂ ಕಲಿಯಬೇಕು ಎಂದು ನಾನು ಹೇಳಿಕೊಟ್ಟಿದ್ದ ಮಾತು ಮಾತ್ರ ಬೆಟ್ಟದಲ್ಲಿ ಈಗಲೂ ಓಡಾಡುತ್ತಿದೆ. ಹೊಸಬರು ಬಂದಾಗ ಬಸ್ಸಿನಲ್ಲಿ ಯಾರಾದರೂ ಕಾಕನ ಫ್ಲಾಸ್ಕಿನ ಕತೆ ಹೇಳಿ ನಗಿಸುತ್ತಾರೆ. ನಾನು ಈಗ ಬಸ್ಸಿನಲ್ಲೇ ಹೋಗುವುದರಿಂದ ಪ್ರತಿ ಸಲ ಅದನ್ನು ಪೂರ್ತಿ ಕೇಳಬೇಕಾಗುತ್ತದೆ.

ಸ್ಕೂಟರು ಜಗಲಿಯ ಪಕ್ಕ ನಿಂತಿದೆ. ರಜೆಯ ದಿನ ಹತ್ತು ಗಂಟೆಗೆ, ಬಿಸಿಲು ಇಳಿಜಾರಿನ ತುದಿ ಮುಟ್ಟಿದ ಮೇಲೆ, ಅದರ ಮುಂದಿನ ಚಕ್ರಕ್ಕೆ ಒಂದು ಚೊಂಬು ನೀರು ಹಾಕುತ್ತೇನೆ. ಆಮೇಲೆ ಅದು ಒಣಗುವವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ.